ಗ್ರಂಥಿಗೆ ವ್ಯಾಪಾರಿಯ ಕಷಾಯ

"ಬುದ್ಧಿ, ಒಬ್ಬರನ್ನು ಅವರಿಗೇ ತಿಳಿಯದಂತೆ ಕಾಪಾಡಿದರೆ ಅದು ತಪ್ಪಾಗುತ್ತದೆಯೇ?"

ನಾಗಮಲ್ಲಪ್ಪ ಹೀಗೆ ಕೇಳಿದಾಗ ಮಠದ ಜಗಲಿಯ ಮೇಲೆ ಗುರುಗಳೂ ಅವನೂ ಇಬ್ಬರೇ ಇದ್ದರು. ಯಾರನ್ನು, ಯಾವುದರಿಂದ ಎಂದು ಗುರುಗಳು ವಿಚಾರಿಸಿದರು. ಅವನು ತಲೆ ತಗ್ಗಿಸಿಕೊಂಡೇ ಹೇಳಿದ. ಕೆಲವು ವರ್ಷಗಳ ಹಿಂದೆ ಅವನ ಹೆಂಡತಿಗೆ ಮನಸ್ಸು ಕುಗ್ಗುವ ಕಾಯಿಲೆ ಬಂದಿತ್ತು. ಪಟ್ಟಣದ ಡಾಕ್ಟರು ಮಾತ್ರೆ ಕೊಟ್ಟರು, ಅವಳು ಚೇತರಿಸಿಕೊಂಡಳು. ಈಗ ಮಾತ್ರೆ ಬಿಡಬೇಕು ಅನ್ನುತ್ತಾಳೆ. ಡಾಕ್ಟರೂ ಒಪ್ಪಿದ್ದಾರೆ. ಒಂದೇ ಸಲಕ್ಕೆ ನಿಲ್ಲಿಸುವುದು ಬೇಡ, ಸ್ವಲ್ಪಸ್ವಲ್ಪವೇ ಇಳಿಸೋಣ, ಮನೆಯವರು ಜೊತೆಗಿರಲಿ ಎಂದಿದ್ದಾರೆ. ಅವಳಿಗೇನೋ ಖುಷಿ. ಇವನಿಗೆ ಮಾತ್ರ ಊಟ ಸೇರುತ್ತಿಲ್ಲ. ಅವಳು ಬಚ್ಚಲಿಗೆ ಹೋಗಿ ಚೂರು ತಡವಾದರೂ ಇವನು ಹೋಗಿ ಬಾಗಿಲ ಮುಂದೆ ನಿಲ್ಲುತ್ತಾನೆ. ಅವಳು ಸುಮ್ಮನೆ ಕೂತರೆ ಭಯ, ಜಾಸ್ತಿ ಮಾತಾಡಿದರೂ ಭಯ.

"ಭಯವಾದರೆ ಆಗಲಿ, ಅದೇನು ಮುಚ್ಚಿಡುವ ವಿಷಯವೇ?" ಎಂದರು ಗುರುಗಳು. "ಒಬ್ಬ ವ್ಯಾಪಾರಿಯ ಕತೆ ಹೇಳುತ್ತೇನೆ, ಕೇಳು. ನಡುವೆ ಬಾಯಿ ಹಾಕಬೇಡ."

ಹೀಗೆಂದು ಅವರು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಗ್ರಂಥಿಗೆ ವ್ಯಾಪಾರಿ ಇದ್ದ. ಬೇರು, ನಾರು, ತೊಗಟೆ, ಶುಂಠಿ, ಹಿಪ್ಪಲಿ ಮಾರುವ ಅಂಗಡಿ. ಮಗುವಿಗೆ ಶೀತವಾಗಲಿ, ಮುದುಕರಿಗೆ ಮಂಡಿ ಹಿಡಿಯಲಿ, ಊರು ಮೊದಲು ಬರುತ್ತಿದ್ದುದು ಅವನ ಬಾಗಿಲಿಗೆ. ಅವನ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬೆಳಗಿನ ಕಷಾಯವನ್ನು ಹೆಂಗಸರು ಮಾಡುವಂತಿಲ್ಲ. ಅಂಗಡಿಯ ಯಜಮಾನನೇ ಕೊತ್ತಂಬರಿ, ಜೀರಿಗೆ, ಮೆಣಸು ಹುರಿದು ಕುಟ್ಟಿ, ತಾನೇ ಕುದಿಸಿ, ಮನೆಯವರ ಬಟ್ಟಲಿಗೆ ತಾನೇ ಬಗ್ಗಿಸಿ ಕೊಡಬೇಕು. ಮನೆಯವರ ಬಾಯಿಗೆ ಹಾಕದ ಸರಕನ್ನು ಊರಿಗೆ ಮಾರಬಾರದು ಅಂತ ಅವನ ತಾತ ಮಾಡಿಟ್ಟ ಕಟ್ಟಳೆ. ಅಪ್ಪ ನಡೆಸಿಕೊಂಡು ಬಂದಿದ್ದ, ಇವನೂ ನಡೆಸುತ್ತಿದ್ದ. ಒಳ್ಳೆಯ ಪದ್ಧತಿಯೇ, ಅದರಲ್ಲೇನೂ ತಪ್ಪಿಲ್ಲ.

ಮದುವೆಯಾಗಿ ಕೆಲವು ವರ್ಷ ಗಂಡಹೆಂಡತಿ ಚೆನ್ನಾಗಿಯೇ ಇದ್ದರು. ಆಮೇಲೆ ಹೆಂಡತಿಗೆ ಕಾಯಿಲೆ ಬಂತು. ಜ್ವರವಿಲ್ಲ, ಕೆಮ್ಮಿಲ್ಲ. ತಲೆ ಬಾಚುವುದನ್ನು ಬಿಟ್ಟಳು, ಮಾತು ಬಿಟ್ಟಳು, ಊಟವನ್ನೂ ಬಿಡುತ್ತಾ ಬಂದಳು. ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡು ಕೂರುತ್ತಿದ್ದಳು. ಏಕೆ ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ. ಒಂದು ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ಬಾಗಿಲಿಗೆ ಒಳಗಿನಿಂದ ಅಗಣಿ ಬಿದ್ದಿತ್ತು. ತಟ್ಟಿದ, ಕೂಗಿದ, ಉತ್ತರವಿಲ್ಲ. ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತು. ಅಕ್ಕಪಕ್ಕದವರು ಓಡಿ ಬಂದು ಬಾಗಿಲು ಒಡೆದರು. ನೋಡಿದರೆ ಅವಳು ಬಾಗಿಲ ಹಿಂದೆಯೇ, ಕೈಗೆಟುಕುವಷ್ಟು ದೂರದಲ್ಲಿ, ಸುಮ್ಮನೆ ಕೂತಿದ್ದಾಳೆ. ಇಷ್ಟು ಕೂಗಿದರೂ ಏಕೆ ತೆಗೆಯಲಿಲ್ಲ ಎಂದು ಕೇಳಿದ. ತೆಗೆಯಬೇಕು ಅನ್ನಿಸಲಿಲ್ಲ ಎಂದಳು.

ಆ ಬಾಗಿಲು ಆಮೇಲೆ ರಿಪೇರಿಯಾಯಿತು. ಅವನ ಎದೆ ಮಾತ್ರ ರಿಪೇರಿಯಾಗಲಿಲ್ಲ. ಅಂಗಡಿಯಲ್ಲಿ ಕೂತಿದ್ದರೂ ಕಿವಿ ಮನೆಯ ಕಡೆಗೇ ಇರುತ್ತಿತ್ತು.

ಪಕ್ಕದ ಊರಿನಲ್ಲಿ ಒಬ್ಬ ವೈದ್ಯ ಇದ್ದ. ಇಂಥ ಕಾಯಿಲೆಯ ಮರ್ಮ ತಿಳಿದವನು. ಅವನು ಒಂದು ಬೇರಿನ ಪುಡಿ ಕೊಟ್ಟ. ಯಾವ ಬೇರು ಎಂದು ಕೇಳಬೇಡ, ಹೇಳಿದರೆ ನಾಳೆಯೇ ಗುದ್ದಲಿ ಹಿಡಿದುಕೊಂಡು ಹೊರಡುವ ಪೈಕಿ ನೀನು. ದಿನವೂ ಸಂಜೆ ಇಷ್ಟು ಗುಲಗಂಜಿ ತೂಕದ ಪುಡಿಯನ್ನು ಜೇನಿನಲ್ಲಿ ಕಲಸಿ ತಿನ್ನಬೇಕು ಎಂದ. ತಿಂದಳು. ಮೊದಲು ನಿದ್ದೆ ಬಂತು, ಆಮೇಲೆ ಹಸಿವು ಬಂತು. ಒಂದು ದಿನ ತಾನಾಗಿಯೇ ಬಾಚಣಿಗೆ ಕೇಳಿದಳು. ಅವತ್ತು ಅವನು ಅಂಗಡಿಯ ಮೂಲೆಗೆ ಹೋಗಿ ಮೆಣಸಿನ ಮೂಟೆಯ ಹಿಂದೆ ನಿಂತು ಅತ್ತ. ಔಷಧಿ ಅವಳನ್ನು ಉಳಿಸಿತು. ಅದು ನಿಜವಾದ ಮಾತು. ಮನಸ್ಸಿಗೆ ಎಂಥ ಔಷಧಿ ಅಂತ ಮೂಗು ಮುರಿಯುವವರ ಮಾತಿಗೆ ನೀನು ಕಿವಿಗೊಡಬೇಡ.

ವರ್ಷಗಳು ಕಳೆದವು. ಅವಳ ತಾಯಿ ತೀರಿಕೊಂಡಳು. ಮಣ್ಣು ಮಾಡಿ ಬಂದವರೆಲ್ಲ ಅಳುತ್ತಿದ್ದರು. ಇವಳ ಕಣ್ಣಿಗೆ ಮಾತ್ರ ಒಂದು ಹನಿ ಬರಲಿಲ್ಲ. ಊರಿಗೆ ಬಂದ ಮೇಲೆ ಗಂಡನ ಮುಂದೆ ಕೂತು ಹೇಳಿದಳು.

"ಔಷಧಿ ನನ್ನನ್ನು ಎತ್ತಿ ನಿಲ್ಲಿಸಿತು, ಇಲ್ಲ ಅನ್ನುವುದಿಲ್ಲ. ಆದರೆ ಈಗ ನನಗೆ ಸಂತೋಷವೂ ಮುಟ್ಟುವುದಿಲ್ಲ, ದುಃಖವೂ ಮುಟ್ಟುವುದಿಲ್ಲ. ಹೆತ್ತ ತಾಯಿಗೆ ಅಳಲಿಲ್ಲ ನಾನು. ನನ್ನ ಅಳು ನನಗೆ ಬೇಕು."

ಅವನಿಗೆ ಬೇಡ ಅನ್ನಬೇಕೆನಿಸಿತು. ಆದರೂ ಅವಳನ್ನು ವೈದ್ಯನ ಹತ್ತಿರ ಕರೆದುಕೊಂಡು ಹೋದ. ವೈದ್ಯ ಅವಳನ್ನು ಬಹಳ ಹೊತ್ತು ಮಾತಾಡಿಸಿದ. ಬಿಡಬಹುದು, ಆದರೆ ಅವಸರ ಮಾಡಿದರೆ ಕೆಟ್ಟಿತು ಎಂದ. ಪ್ರತಿ ಅಮಾವಾಸ್ಯೆಗೆ ಒಂದೊಂದು ಗುಲಗಂಜಿ ತೂಕ ಇಳಿಸಿ, ಅದಕ್ಕೆ ಮೈ ಒಗ್ಗಿದ ಮೇಲೆ ಮುಂದಿನದು. ಇಳಿಸಿದಾಗ ಕೆಲವು ದಿನ ತಲೆ ಸುತ್ತಬಹುದು, ನಿದ್ದೆ ಕೆಡಬಹುದು, ಸುಮ್ಮಸುಮ್ಮನೆ ಸಿಡುಕು ಬರಬಹುದು. ಅದು ಮೈ ಹೊಂದಿಕೊಳ್ಳುವ ಕಾಟ, ಹಳೆಯ ಕಾಯಿಲೆಯೇ ಬಂತು ಎಂದು ಬೆಚ್ಚಬೇಡಿ. ತಡೆಯಲಾರದಷ್ಟು ಆದರೆ ಹಿಂದಿನ ಅಳತೆಗೆ ಹೋಗಿ ನನ್ನ ಹತ್ತಿರ ಬನ್ನಿ, ಅದರಲ್ಲಿ ನಾಚಿಕೆಯಿಲ್ಲ. ಹೀಗೆಲ್ಲ ಹೇಳಿ ಕೊನೆಗೆ ಗಂಡನನ್ನು ಪಕ್ಕಕ್ಕೆ ಕರೆದು, "ಅವಳ ಮುಖ ನೋಡಿ ನೀನೇ ಊಹೆ ಮಾಡಬೇಡಪ್ಪ. ಏನೇ ಕಂಡರೂ ಅವಳನ್ನೇ ಕೇಳು" ಎಂದ. ವ್ಯಾಪಾರಿ ಹೂಂ ಎಂದ. ಹೂಂ ಅನ್ನುವುದಕ್ಕೆ ಏನು ಖರ್ಚು?

ಮೊದಲ ಅಮಾವಾಸ್ಯೆ ಕಳೆಯಿತು, ಎರಡನೆಯದೂ ಕಳೆಯಿತು. ಅವಳಿಗೆ ಒಂದೆರಡು ದಿನ ತಲೆ ಸುತ್ತಿತು, ಸರಿಹೋಯಿತು. ಅವನು ಮಾತ್ರ ದಿನಕ್ಕೆ ಹತ್ತು ಸಲ ಅಂಗಡಿ ಬಿಟ್ಟು ಮನೆಗೆ ಓಡಿ ಬರುತ್ತಿದ್ದ. ಏನಾದರೂ ನೆಪ. ಸೇರು ಮರೆತೆ, ಚೀಲ ಮರೆತೆ. ಗಿರಾಕಿಗಳು ನಗುವಂತಾಯಿತು.

ಒಂದು ಬೆಳಿಗ್ಗೆ ಹಾಗೆ ಬಂದವನಿಗೆ ಒಳಗಿನಿಂದ ಅಳುವ ಸದ್ದು ಕೇಳಿತು. ಬಾಗಿಲ ಸಂದಿಯಿಂದ ನೋಡಿದ. ಅವಳು ಪೆಟ್ಟಿಗೆ ತೆಗೆದು, ತಾಯಿಯ ಹಳೆಯ ಸೀರೆಯನ್ನು ಮಡಿಲಲ್ಲಿ ಹಾಕಿಕೊಂಡು, ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಅಯ್ಯಾ, ಅವಳು ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದಳೋ ಅದು ಅವತ್ತು ಬಂದಿತ್ತು. ಒಳಗೆ ಹೋಗಿ ಪಕ್ಕದಲ್ಲಿ ಕೂತು, ಏನಾಯಿತೇ ಎಂದು ಒಂದು ಮಾತು ಕೇಳಿದ್ದರೆ ಅವಳೇ ಹೇಳುತ್ತಿದ್ದಳು. ಅವನು ಕೇಳಲಿಲ್ಲ. ಅವನಿಗೆ ಸೀರೆ ಕಾಣಲಿಲ್ಲ, ಹಿಂದೊಮ್ಮೆ ಅಗಣಿ ಬಿದ್ದಿದ್ದ ಬಾಗಿಲು ಕಂಡಿತು. ಕಾಯಿಲೆ ತಿರುಗಿ ಬಂತು ಎಂದುಕೊಂಡ. ಸದ್ದಾಗದಂತೆ ಹಿಂದಕ್ಕೆ ಹೆಜ್ಜೆಯಿಟ್ಟು ಅಂಗಡಿಗೆ ಹೋದ.

ಬೇರು ಅವನ ಅಂಗಡಿಯಲ್ಲೇ ಇತ್ತು. ತೂಗಲು ತಕ್ಕಡಿ ಇತ್ತು, ಗುಲಗಂಜಿ ಇತ್ತು. ಬೆಳಗಿನ ಕಷಾಯವಂತೂ ಅವನ ಕೈಯಲ್ಲೇ ಇತ್ತು. ಮರುದಿನ ಅವಳ ಬಟ್ಟಲಿಗೆ ಮೆಣಸಿನ ಖಾರದ ಜೊತೆ, ಬೆಲ್ಲದ ಸಿಹಿಯ ಜೊತೆ, ಅವಳು ಬಿಟ್ಟಿದ್ದಷ್ಟು ಪುಡಿಯೂ ಬಿತ್ತು. ಅವಳು ಕುಡಿದು, ಇವತ್ತು ಕಷಾಯ ಕೊಂಚ ಒಗರಾಗಿದೆಯಲ್ಲ ಎಂದಳು. ಹೊಸ ಜೀರಿಗೆ ಎಂದ. ಜೀವನದಲ್ಲಿ ಅವಳಿಗೆ ಅವನು ಹೇಳಿದ ಮೊದಲ ಸುಳ್ಳು ಅದು.

ಕೆಲವು ದಿನಗಳಲ್ಲಿ ಅಳು ನಿಂತಿತು. ಅವನು ನಿಟ್ಟುಸಿರು ಬಿಟ್ಟ. ಅವಳು ಮಾತ್ರ ಒಂದು ಸಂಜೆ, ಅಮ್ಮನ ಸೀರೆ ಮತ್ತೆ ತೆಗೆದು ನೋಡಿದೆ, ಏನೂ ಅನ್ನಿಸಲಿಲ್ಲ, ಒಂದು ದಿನ ಬಂದಿದ್ದು ಎಲ್ಲಿಗೆ ಹೋಯಿತೋ ಎಂದು ಪೆಚ್ಚು ಮುಖ ಹಾಕಿಕೊಂಡು ಹೇಳಿದಳು. ಅವನು ದೀಪದ ಬತ್ತಿ ಸರಿಮಾಡಿದ.

ಹೀಗೇ ನಡೆಯಿತು. ಅಮಾವಾಸ್ಯೆ ಬಂದಾಗ ಅವಳು ಸಂಜೆಯ ಪುಡಿಯಲ್ಲಿ ಒಂದು ಗುಲಗಂಜಿ ಇಳಿಸುವಳು, ಮರುದಿನ ಬೆಳಿಗ್ಗೆ ಕಷಾಯದಲ್ಲಿ ಅವನು ಒಂದು ಗುಲಗಂಜಿ ಏರಿಸುವನು.

"ಬುದ್ಧಿ," ಎಂದ ನಾಗಮಲ್ಲಪ್ಪ. "ಅವಳಿಗೆ ಸ್ವಲ್ಪವೂ ಅನುಮಾನ ಬರಲಿಲ್ಲವೇ?"

"ಬಾಯಿ ಹಾಕಬೇಡ ಎಂದಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ," ಎಂದು ಗುರುಗಳು ನಕ್ಕು ಮುಂದುವರಿಸಿದರು.

ಕೈಹಿಡಿದ ಗಂಡನ ಮೇಲೆ ಅನುಮಾನ ಹೇಗೆ ಬಂದೀತು? ಅವಳ ಪುಡಿಯ ಭರಣಿ ಖಾಲಿಯಾಯಿತು. ಅದನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿ, ಅವತ್ತು ಹಾಲುಪಾಯಸ ಮಾಡಿದಳು. ವೈದ್ಯ ಬಂದ. ನಿದ್ದೆ ಹೇಗಿದೆ, ತಲೆ ಸುತ್ತುತ್ತದೆಯೇ, ಮನಸ್ಸು ಹೇಗಿದೆ ಎಂದು ಕೇಳಿದ. ಏನೂ ತೊಂದರೆಯಿಲ್ಲ ಎಂದಳು. ಇಷ್ಟು ಸಲೀಸಾಗಿ ಬಿಟ್ಟವರನ್ನು ನಾನು ನೋಡಿಯೇ ಇಲ್ಲ ಎಂದು ವೈದ್ಯ ಆಶ್ಚರ್ಯಪಟ್ಟ. ನೀನೇನಾದರೂ ಕಂಡೆಯಾ ಎಂದು ಗಂಡನನ್ನೂ ಕೇಳಿದ. ಅವನು ಇಲ್ಲವೆಂದು ತಲೆಯಾಡಿಸಿದ.

ಅವನು ಪಾಯಸದ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಅವಳನ್ನು ಕಳೆದುಕೊಳ್ಳುವ ಭಯ ಒಂದೇ ಇದ್ದ ಜಾಗದಲ್ಲಿ ಈಗ ಸಿಕ್ಕಿಬೀಳುವ ಭಯವೂ ಸೇರಿಕೊಂಡಿತ್ತು. ಎಷ್ಟು ದಿನ ಹೀಗೆ ಹಾಕುವುದು? ತಾನೇ ಗುಟ್ಟಾಗಿ ಇಳಿಸಿಬಿಡೋಣ ಎಂದುಕೊಳ್ಳುತ್ತಿದ್ದ. ತಕ್ಕಡಿ ಕೈಗೆ ತೆಗೆದುಕೊಂಡ ಕೂಡಲೇ ಆ ಮುಚ್ಚಿದ ಬಾಗಿಲು ನೆನಪಾಗಿ ಅದನ್ನು ಕೆಳಗಿಡುತ್ತಿದ್ದ. ತನಗೊಂದು ಜ್ವರ ಬಂದು ಮಲಗಿದರೆ ಮರುದಿನ ಕಷಾಯ ಕೊಡುವವರು ಯಾರು ಎಂದು ನೆನೆದು ಬೆವರುತ್ತಿದ್ದ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು. ನುಂಗುವಂತಿಲ್ಲ, ಉಗುಳುವಂತಿಲ್ಲ.

ಅಷ್ಟರಲ್ಲಿ ಅವಳ ಅಣ್ಣ ಬಂದ. ಅವನ ಮಗಳಿಗೆ ಹೆರಿಗೆಯಾಗಿತ್ತು. ಮನೆಯಲ್ಲಿ ಹಿರಿಯ ಹೆಂಗಸು ಯಾರೂ ಇಲ್ಲ, ನೀನೇ ಬಂದು ಬಾಣಂತನ ಮಾಡಿಕೊಡಬೇಕು ಎಂದು ತಂಗಿಯನ್ನು ಕರೆದ. ಅವಳ ಮುಖ ಅರಳಿತು. ಕಾಯಿಲೆ ಬಂದಂದಿನಿಂದ ಅವಳ ಕೈಗೆ ಯಾರೂ ಎಳೆಗೂಸನ್ನು ಕೊಟ್ಟಿರಲಿಲ್ಲ. ಕೊಡುವ ಹಾಗೆ ಮಾಡಿ, ಏನೋ ನೆಪ ಹೇಳಿ ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದರು. ಅದು ಅವಳಿಗೆ ಗೊತ್ತಾಗುತ್ತಿತ್ತು. ಈಗ ತಾನಾಗಿಯೇ ಕರೆ ಬಂದಿದೆ, ಎಳೆಮಗುವಿಗೆ ನೀರು ಹಾಕುವ ಕೆಲಸವನ್ನು ನಂಬಿ ಕೊಡುತ್ತಿದ್ದಾರೆ.

ವ್ಯಾಪಾರಿ ಅಡ್ಡ ಬಂದ. ಹೋಗುವುದು ಬೇಡ ಎಂದ. ದಾರಿ ದೂರ ಎಂದ, ಚಳಿ ಎಂದ, ನನ್ನ ಊಟಕ್ಕೇನು ಗತಿ ಎಂದ. ಅವಳು ಎಲ್ಲವನ್ನೂ ಕೇಳಿ, ನಾನಿನ್ನೂ ಹುಚ್ಚಿ ಅಂತಲೇ ನಿಮ್ಮ ಎಣಿಕೆಯೇ ಎಂದು ಕೇಳಿದಳು. ಹೇಳಿಬಿಡುವ ಹೊತ್ತು ಅದು. ತುಟಿಯವರೆಗೆ ಬಂದ ಮಾತನ್ನು ನುಂಗಿಕೊಂಡ. ಅಂಗಡಿಗೆ ಹೋಗಿ, ಒಂದಷ್ಟು ದಿನಕ್ಕಾಗುವ ಕಷಾಯದ ಪುಡಿ ಕುಟ್ಟಿ, ಅಷ್ಟೂ ದಿನಕ್ಕೆ ಬೇಕಾದ ಬೇರಿನ ಪುಡಿಯನ್ನು ಅದರಲ್ಲೇ ಬೆರೆಸಿ ಗಂಟು ಕಟ್ಟಿದ. ಇದನ್ನು ದಿನಾ ಬೆಳಿಗ್ಗೆ ಒಂದು ಚಮಚ ಕುದಿಸಿ ಕುಡಿ, ನೀನೇ ಕುಡಿ ಎಂದು ಕೈಗಿಟ್ಟ. ಅವಳಿಗೆ ಸಿಟ್ಟೆಲ್ಲ ಇಳಿದು ನಗು ಬಂತು. ಗಾಡಿ ಹತ್ತುವಾಗ ಆ ಗಂಟನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಭಲೇ ಉಪಾಯ ಮಾಡಿದೆ ಎಂದು ಅವನು ಒಂದಷ್ಟು ದಿನ ನೆಮ್ಮದಿಯಿಂದ ಇದ್ದ.

ಒಂದು ದಿನ ಅಂಗಡಿಗೆ ಒಬ್ಬ ಮುದುಕಿ ಬಂದಳು. ಮೊಮ್ಮಗಳ ಹೆರಿಗೆಯಾಗಿದೆ, ಬಾಣಂತಿಗೆ ಬೇಕಾದ ಸಾಮಾನು ಕಟ್ಟಿಕೊಡು ಎಂದಳು. ಶುಂಠಿ, ಹಿಪ್ಪಲಿ, ಓಮ ತೂಗಿದ. ಕಷಾಯದ ಪುಡಿಯನ್ನೂ ಒಂದಿಷ್ಟು ಹಾಕು ಎಂದಳು ಮುದುಕಿ. ಮನೆಮಂದಿಗೆಲ್ಲ ಆಗುವಷ್ಟು ಕೊಡಲೇ ಎಂದು ಕೇಳಿದ. ಬಾಣಂತಿ ಇರುವ ಮನೆಯಲ್ಲಿ ಮಿಕ್ಕವರಿಗೆ ಯಾರಪ್ಪ ಕಷಾಯ ಕಾಯಿಸುತ್ತಾರೆ, ಒಳ್ಳೆಯ ಪುಡಿ ಇದ್ದರೆ ಮೊದಲು ಬಾಣಂತಿಯ ಬಾಯಿಗೆ ಎಂದಳು ಮುದುಕಿ.

ತಕ್ಕಡಿ ಅವನ ಕೈಯಿಂದ ಜಾರಿತು. ಅವನ ಹೆಂಡತಿಯನ್ನು ಅವನು ಬಲ್ಲ. ನೀನೇ ಕುಡಿ ಎಂದು ಅವನು ಹೇಳಿದ್ದು ಪ್ರೀತಿಯ ಮಾತು ಎಂದುಕೊಂಡು, ಗಂಡ ಕೈಯಾರೆ ಕುಟ್ಟಿದ ಪುಡಿಯನ್ನು ಆ ಎಳೆಯ ಬಾಣಂತಿಗೇ ಕೊಟ್ಟಿರುತ್ತಾಳೆ. ಬಾಣಂತಿ ಕುಡಿದದ್ದು ಹಾಲಾಗಿ ಮಗುವಿನ ಹೊಟ್ಟೆಗೆ ಹೋಗುತ್ತದೆ. ಅಂಗಡಿಯ ಬಾಗಿಲನ್ನೂ ಹಾಕದೆ ಹೊರಟ. ದಾರಿಯುದ್ದಕ್ಕೂ ಕಂಡ ದೇವರಿಗೆಲ್ಲ ಹರಕೆ ಹೊತ್ತ. ಗಾಡಿಯವನು ಯಾರಿಗಾದರೂ ಹುಷಾರಿಲ್ಲವೇ ಸ್ವಾಮಿ ಎಂದು ಕೇಳಿದರೆ, ಬೇಗ ಹೊಡಿ ಎಂದಷ್ಟೇ ಹೇಳಿದ.

ಭಾವಮೈದುನ ಬಾಗಿಲಲ್ಲೇ ಸಿಕ್ಕಿದ. ಅವನ ಮುಖ ಕಂಡೇ ವ್ಯಾಪಾರಿ, ಏನಾಯಿತು ಎಂದು ಕೇಳಿದ. ಬಾಣಂತಿಗೆ ಏನೋ ಮಂಪರು, ಮಗು ಅತ್ತರೂ ಎಚ್ಚರವಾಗುವುದಿಲ್ಲ. ಮಗುವೂ ಮೊದಲಿನಂತೆ ಚುರುಕಾಗಿ ಹಾಲು ಕುಡಿಯುತ್ತಿಲ್ಲ, ನಿದ್ದೆಗಣ್ಣಿನಲ್ಲೇ ಇರುತ್ತದೆ. ನಿನ್ನ ಹೆಂಡತಿಯ ಕತೆಯಂತೂ ಕೇಳಬೇಡ ಎಂದ. ಬಂದ ಕೆಲವೇ ದಿನಕ್ಕೆ ಅವಳಿಗೆ ತಲೆ ತಿರುಗಲು ಶುರುವಾಯಿತಂತೆ. ತಲೆಯೊಳಗೆ ಮಿಂಚು ಹೊಡೆದಂತಾಗುತ್ತದೆ ಅನ್ನುತ್ತಾಳಂತೆ. ನಿದ್ದೆಯಿಲ್ಲ, ಮೈಯೆಲ್ಲ ನಡುಕ, ಸುಮ್ಮನೆ ಕಣ್ಣೀರು. ಕೇರಿಯ ಹೆಂಗಸರು ಬಂದು ನೋಡಿ, ಈ ಹೆಂಗಸಿನ ನೆರಳು ಬಿದ್ದೇ ಬಾಣಂತಿಗೂ ಕೂಸಿಗೂ ಹೀಗಾಗಿದೆ ಎಂದರಂತೆ. ಆ ಮಾತು ಅವಳ ಕಿವಿಗೂ ಬಿತ್ತು. ಅಂದಿನಿಂದ ಅವಳು ದನದ ಕೊಟ್ಟಿಗೆಯ ಪಕ್ಕದ ಕೋಣೆಗೆ ಹೋಗಿ ಕೂತಿದ್ದಾಳೆ, ಯಾರನ್ನೂ ಹತ್ತಿರ ಬಿಡುವುದಿಲ್ಲ.

ವ್ಯಾಪಾರಿ ಅಡಿಗೆಮನೆಗೆ ಹೋದ. ಪುಡಿಯ ಗಂಟು ಒಲೆಯ ಪಕ್ಕದ ಗೂಡಿನಲ್ಲಿತ್ತು, ಅರ್ಧ ಖಾಲಿಯಾಗಿತ್ತು. ಅದನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಯಾರೂ ನೋಡಲಿಲ್ಲ. ಇಷ್ಟು ಮಾಡಿದರೆ ಸಾಕು ಎಂದು ಅವನ ಬುದ್ಧಿ ಹೇಳಿತು. ಇನ್ನು ಬಾಣಂತಿಯ ಮಂಪರು ತಾನಾಗಿ ಇಳಿಯುತ್ತದೆ, ಕೂಸು ಹಾಲು ಕುಡಿಯುತ್ತದೆ. ಹೆಂಡತಿಯನ್ನು ಇವತ್ತೇ ಗಾಡಿಗೆ ಹತ್ತಿಸಿಕೊಂಡು ಹೋಗಿ ನಾಳೆ ಬೆಳಗಿನಿಂದ ಕಷಾಯ ಕೊಟ್ಟರೆ ಅವಳೂ ಸರಿಹೋಗುತ್ತಾಳೆ. ಔಷಧಿಯಿಲ್ಲದೆ ನಿನಗೆ ಬದುಕು ಇಲ್ಲ ಕಣೇ ಎಂದರೆ ನಂಬುತ್ತಾಳೆ. ಯಾರಿಗೂ ಏನೂ ಹೇಳಬೇಕಾಗಿಲ್ಲ.

ಹೀಗೆಂದುಕೊಂಡೇ ಅವನು ಆ ಕೋಣೆಗೆ ಹೋದ. ಅವಳು ಗೋಡೆಗೆ ಮುಖ ಮಾಡಿ ಕೂತಿದ್ದಳು. ತಲೆ ಕೆದರಿತ್ತು. ಗಂಡನನ್ನು ಕಂಡು ಓಡಿ ಬಂದು ಅಪ್ಪಿಕೊಳ್ಳಲಿಲ್ಲ, ಇನ್ನಷ್ಟು ಮೂಲೆಗೆ ಸರಿದಳು.

"ಮಗುವನ್ನು ನನ್ನ ಹತ್ತಿರ ತರಬೇಡಿ ಅಂತ ಅವರಿಗೆ ಹೇಳಿ. ನನ್ನ ಕೈ ಏನು ಮಾಡುತ್ತದೋ ನನಗೇ ನಂಬಿಕೆಯಿಲ್ಲ. ನನ್ನೊಳಗೆ ಏನೋ ಕೆಟ್ಟದ್ದಿದೆ. ನೀವು ಬೇಡ ಅಂದಿರಿ, ನಾನು ಕೇಳಲಿಲ್ಲ. ತಪ್ಪಾಯಿತು ನನ್ನದು."

ಇಷ್ಟು ಹೇಳಿ ಅವಳು ಅವನಿಗೆ ಕೈ ಮುಗಿದಳು.

ವರ್ಷಗಟ್ಟಲೆ ಅವನು ಹೆದರಿದ್ದು ಯಾವುದಕ್ಕೋ ಅದು ಅವನ ಕಣ್ಣ ಮುಂದೆ ಕೂತಿತ್ತು. ಅದನ್ನು ಅಲ್ಲಿ ತಂದು ಕೂರಿಸಿದವನು ತಾನೇ ಎಂದು ಅವನಿಗೆ ಗೊತ್ತಿತ್ತು. ನೆಲದ ಮೇಲೆ ಕೂತು, ಸೊಂಟದ ಗಂಟನ್ನು ತೆಗೆದು ಅವಳ ಮುಂದೆ ಇಟ್ಟ. ಎಲ್ಲವನ್ನೂ ಹೇಳಿದ. ಸೀರೆ ಹಿಡಿದು ಅತ್ತ ದಿನ, ಹೊಸ ಜೀರಿಗೆಯ ಸುಳ್ಳು, ಪ್ರತಿ ಅಮಾವಾಸ್ಯೆ, ಈ ಗಂಟು. ಅವಳ ಅಣ್ಣ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಕೊಡಲಿ ತೆಗೆದುಕೊಂಡು ಕಡಿಯುತ್ತಾನೇನೋ ಎಂಬಷ್ಟು ಸಿಟ್ಟು ಅವನಿಗೆ. ಆದರೆ ತಂಗಿ ಏನನ್ನುತ್ತಾಳೋ ಎಂದು ತಡೆದುಕೊಂಡ.

ಅವಳು ಆ ಗಂಟನ್ನು ಕೈಗೆತ್ತಿಕೊಂಡಳು. ಬಾಣಂತಿ ಕುಡಿದದ್ದು ಇದನ್ನೇ ತಾನೇ ಎಂದು ಕೇಳಿದಳು. ಹೌದೆಂದ. ನಾನು ಕುಡಿಯದೆ ಬಿಟ್ಟಿದ್ದೂ ಇದನ್ನೇ ತಾನೇ ಎಂದಳು. ಹೌದೆಂದ.

"ಹಾಗಾದರೆ ನನ್ನ ನೆರಳು ಬಿದ್ದು ಹೀಗಾಯಿತು ಅಂದರಲ್ಲ, ಅದು ಸುಳ್ಳು. ನನ್ನ ತಲೆ ಕೆಟ್ಟಿಲ್ಲ," ಎಂದಳು. ಮತ್ತೊಮ್ಮೆ, ತನಗೇ ಹೇಳಿಕೊಳ್ಳುವಂತೆ, ನನ್ನ ತಲೆ ಕೆಟ್ಟಿಲ್ಲ ಎಂದಳು. ಅಳುತ್ತಲೇ ಎದ್ದು ಹೋಗಿ ಮುಖ ತೊಳೆದುಕೊಂಡಳು.

ಮನೆಯ ಆಳು ಗಾಡಿ ಕಟ್ಟಿಕೊಂಡು ಹೋಗಿ ಅದೇ ವೈದ್ಯನನ್ನು ಕರೆತಂದ. ಗಂಟನ್ನು ನೋಡಿ ವೈದ್ಯ ಹಣೆ ಚಚ್ಚಿಕೊಂಡ. ಬಾಣಂತಿಯ ನಾಡಿ ಹಿಡಿದ, ಕೂಸಿನ ಉಸಿರು ನೋಡಿದ, ಅಲ್ಲೇ ಉಳಿದುಕೊಂಡ. ಕೂಸು ಕಣ್ಣರಳಿಸಿ ಗಟ್ಟಿಯಾಗಿ ಅಳುವವರೆಗೆ ಆ ಮನೆಯಲ್ಲಿ ಯಾರೂ ಸರಿಯಾಗಿ ಉಸಿರಾಡಲಿಲ್ಲ. ಅದು ಅತ್ತಾಗ ವ್ಯಾಪಾರಿ ತುಳಸಿಕಟ್ಟೆಯ ಮುಂದೆ ಉದ್ದಕ್ಕೆ ಬಿದ್ದುಬಿಟ್ಟ. ಇನ್ನು ಹೆಂಡತಿಯ ವಿಷಯ. ಅವಳ ಮೈ ಒಂದು ಗುಲಗಂಜಿಯನ್ನೂ ಬಿಟ್ಟಿರಲಿಲ್ಲ, ಎಲ್ಲವನ್ನೂ ಒಂದೇ ಏಟಿಗೆ ಕಿತ್ತುಕೊಂಡಂತಾಗಿದೆ, ಅದಕ್ಕೇ ಈ ನಡುಕ ಎಂದು ವೈದ್ಯ ಹೇಳಿದ. ಹಳೆಯ ಅಳತೆಯಿಂದಲೇ ಶುರು ಮಾಡಿ, ಮೈ ನೆಲೆ ನಿಂತ ಮೇಲೆ ಮತ್ತೆ ಇಳಿಯಬೇಕು. ಇಷ್ಟು ದಿನ ಇಳಿದ ಮೆಟ್ಟಿಲು ಒಂದೂ ಲೆಕ್ಕಕ್ಕಿಲ್ಲ. ಅವಳು ಆಗಲಿ ಎಂದಳು.

ಈ ಸಲ ತಕ್ಕಡಿ ಅವಳ ಕೈಯಲ್ಲಿತ್ತು. ಮನೆಯ ಪದ್ಧತಿ ಅಂತ ಯಾರೂ ಎದುರು ಮಾತಾಡಲಿಲ್ಲ, ಅವಳ ಕಷಾಯವನ್ನು ಅವಳೇ ಕಾಯಿಸಿಕೊಂಡಳು. ಗಂಡ ಕೊಟ್ಟ ನೀರನ್ನೂ ಬೆಳಕಿಗೆ ಹಿಡಿದು ನೋಡಿ ಕುಡಿಯುತ್ತಿದ್ದಳು. ಅವನಿಗೆ ಅದು ಚುಚ್ಚುತ್ತಿತ್ತು. ಚುಚ್ಚಲಿ ಎಂದು ಸುಮ್ಮನಿದ್ದ. ಅಳು ಬಂದ ದಿನ ಅವನ ಎದೆ ಮೊದಲಿನ ಹಾಗೆಯೇ ಹೊಡೆದುಕೊಳ್ಳುತ್ತಿತ್ತು. ಆದರೆ ಈಗ ಬಾಗಿಲ ಸಂದಿಯಲ್ಲಿ ನಿಲ್ಲುತ್ತಿರಲಿಲ್ಲ. ಒಳಗೆ ಹೋಗಿ ಕೂತು, ಹೇಗಿದ್ದೀಯ ಎಂದು ಕೇಳುತ್ತಿದ್ದ. ಅಳು ಬಂದಿದೆ, ಅಷ್ಟೇ ಅನ್ನುತ್ತಿದ್ದಳು ಒಮ್ಮೊಮ್ಮೆ. ಒಂದು ಸಲ ಮಾತ್ರ, ಇವತ್ತು ಬೇರೆ ಥರ ಇದೆ, ಭಯವಾಗುತ್ತಿದೆ ಎಂದಳು. ಇಬ್ಬರೂ ಎದ್ದು ವೈದ್ಯನ ಹತ್ತಿರ ಹೋದರು. ವೈದ್ಯ ಒಂದು ಗುಲಗಂಜಿ ಹಿಂದಕ್ಕೆ ಏರಿಸಿದ. ಅಲ್ಲಿ ಒಂದು ಮಳೆಗಾಲ ನಿಂತರು. ಆಮೇಲೆ ಮತ್ತೆ ಇಳಿದರು. ಬಹಳ ಕಾಲ ಹಿಡಿಯಿತು. ಕೊನೆಗೆ ಬಿಟ್ಟಳು. ಬಿಡಲಾಗದೆ ಒಂದು ಚೂರು ಉಳಿಸಿಕೊಂಡಿದ್ದರೂ ಅದೇನೂ ಸೋಲಾಗುತ್ತಿರಲಿಲ್ಲ. ಅಣ್ಣನ ಮಗಳು ಎರಡನೆಯ ಹೆರಿಗೆಗೂ ಅವಳನ್ನೇ ಕರೆಸಿಕೊಂಡಳು. ಕೂಸಿಗೆ ನೀರು ಹಾಕಿದವಳು ಅವಳೇ.

ಗುರುಗಳು ಕತೆ ನಿಲ್ಲಿಸಿದರು. ನಾಗಮಲ್ಲಪ್ಪ ಜಗಲಿಯ ನೆಲವನ್ನು ಬೆರಳಿನಿಂದ ಗೀರಿದ. ಆಮೇಲೆ ತಲೆಯೆತ್ತದೆಯೇ ಕೇಳಿದ.

"ಬುದ್ಧಿ, ಅವನು ಆ ಗಂಟನ್ನು ಸೊಂಟದಲ್ಲೇ ಇಟ್ಟುಕೊಂಡು, ಏನೂ ಹೇಳದೆ ಅವಳನ್ನು ಮನೆಗೆ ಕರೆದುಕೊಂಡು ಬಂದಿದ್ದರೆ, ಅವಳಿಗೆ ಯಾವತ್ತೂ ಗೊತ್ತಾಗುತ್ತಲೇ ಇರಲಿಲ್ಲ, ಅಲ್ಲವೇ?"

"ಗೊತ್ತಾಗುತ್ತಿರಲಿಲ್ಲ, ನಾಗಮಲ್ಲಪ್ಪ, ಸಾಯುವ ತನಕ ತನ್ನ ಮನಸ್ಸಿಗೆ ತಾನೇ ಹೆದರಿಕೊಂಡು, ಕಾಪಾಡಿದ ಪುಣ್ಯಾತ್ಮ ಅಂತ ನಿನಗೆ ಕೈ ಮುಗಿಯುತ್ತಿದ್ದಳು."